ಬಲಗೈ ಕೊಟ್ಟವನಿಗೂ ಕಟಿಂಗ್ ಇಲ್ಲ



ಕಟಿಂಗ್ ಶಾಪಿನ ಕುರ್ಚಿ ಸಿಗದ ಅವಮಾನ ನಮ್ಮವರಿಗೆ ಗೊತ್ತು. ಅಮೆರಿಕದ ಡೇನಿಯಲ್ ಇನೋಯೆಗೂ ಸಿಗಲಿಲ್ಲ. ಹವಾಯಿಯಲ್ಲಿ ಹುಟ್ಟಿದ, ಜಪಾನಿ ಮೂಲದ ಹುಡುಗ. 1941ರಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿದ ಮೇಲೆ ಇಂಥವರನ್ನೆಲ್ಲ ಶತ್ರುಗಳ ಲೆಕ್ಕಕ್ಕೆ ಸೇರಿಸಿದರು. 1943ರಲ್ಲಿ ಸೈನ್ಯ ಬಾಗಿಲು ತೆಗೆದಾಗ ಇನೋಯೆ ಸೇರಿದ್ದು 442ನೇ ಪಡೆಗೆ. ಜಪಾನಿ ಮೂಲದವರಿಗೇ ಅಂತ ಬೇರೆ ಪಡೆ (ಬೇರೆ ಅಂದ್ರೆ ಏನಂತ ನಮಗೆ ಬಿಡಿಸಿ ಹೇಳ್ಬೇಕಾ?). 1945ರ ಏಪ್ರಿಲ್‌ನಲ್ಲಿ ಇಟಲಿಯಲ್ಲಿ ಬಲಗೈ ಹೋಯ್ತು. ಸರ್ಜನ್ ಆಗೋ ಕನಸೂ ಹೋಯ್ತು.

ಊರಿಗೆ ಮರಳುವಾಗ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಒಂದು ಅಂಗಡಿಗೆ ಹೋದರು. ಮೈಮೇಲೆ ಯೂನಿಫಾರ್ಮ್, ಎದೆ ಮೇಲೆ ಪದಕ, ಕೈ ಜಾಗದಲ್ಲಿ ಕೊಕ್ಕೆ. ಜಪಾನಿಗಳಿಗೆ ಕಟಿಂಗ್ ಮಾಡಲ್ಲ ಅಂದುಬಿಟ್ಟರು.

ಆಮೇಲೆ ಜನ ಕನಿಕರಪಟ್ಟು ಓಟು ಹಾಕಿದ್ರು ಅಂತ ನನಗನಿಸಲ್ಲ. ಮಾಜಿ ಸೈನಿಕರಿಗಿದ್ದ ಸರ್ಕಾರಿ ನೆರವಿನಲ್ಲಿ ಅವರು ಲಾ ಓದಿದರು. 1954ರಲ್ಲಿ ಇಂಥ ಮಾಜಿ ಸೈನಿಕರೂ ಕಬ್ಬು, ಅನಾನಸ್ ತೋಟದ ಕೂಲಿಗಳ ಯೂನಿಯನ್ನೂ ಒಂದಾಗಿ, ತೋಟದ ಧಣಿಗಳ ಕೈಲಿದ್ದ ಹವಾಯಿ ಶಾಸನಸಭೆಯನ್ನ ಕಿತ್ಕೊಂಡರು. 1959ರಲ್ಲಿ ಹವಾಯಿ ರಾಜ್ಯವಾದಾಗ ಇನೋಯೆ ಅಲ್ಲಿಂದ ಸಂಸತ್ತಿನ ಕೆಳಮನೆಗೆ ಹೋದ ಮೊದಲ ಸದಸ್ಯ. ಪ್ರಮಾಣವಚನಕ್ಕೆ ಬಲಗೈ ಎತ್ತಿ ಅಂದರೆ ಎಡಗೈ ಎತ್ತಿದರು. 1963ರಿಂದ 2012ರಲ್ಲಿ ತೀರಿಕೊಳ್ಳೋ ತನಕ ಸೆನೆಟರ್.

ಆ ಕೈಗೆ ಸಲ್ಲಬೇಕಿದ್ದ ದೊಡ್ಡ ಪದಕ, ಮೆಡಲ್ ಆಫ್ ಆನರ್, ಬಂದಿದ್ದು 2000ದಲ್ಲಿ. 55 ವರ್ಷ ಆದ್ಮೇಲೆ.