ತುಂಗಭದ್ರಾ ಕ್ರಸ್ಟ್ ಗೇಟ್ ದುರಸ್ತಿ

ಹೊಸಪೇಟೆ ಬಳಿಯ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಕೊಚ್ಚಿಹೋಯಿತು. ಜಲಾಶಯವನ್ನು ಬರಿದು ಮಾಡದೆ, ಹರಿಯುವ ನೀರಿನಲ್ಲೇ ಆ ಕಿಂಡಿಯನ್ನು ಒಂದು ವಾರದಲ್ಲಿ ಮುಚ್ಚಲಾಯಿತು. ಕೆಳಮಟ್ಟದ ಕಾಲುವೆಯನ್ನು, ಅಂದರೆ ಜನರ ಬಾಯಲ್ಲಿ ಎಲ್‌ಎಲ್‌ಸಿಯನ್ನು, ನೆಚ್ಚಿಕೊಂಡ ತೆಕ್ಕಲಕೋಟೆ, ಸಿರುಗುಪ್ಪ ಸೀಮೆಯ ಭತ್ತದ ಬೆಳೆ ಆ ವಾರದ ಕೆಲಸದ ಮೇಲೆ ನಿಂತಿತ್ತು.

ಅಣೆಕಟ್ಟೆಗೆ 1945ರಲ್ಲಿ ಅಡಿಗಲ್ಲು ಬಿತ್ತು. 1953ರಲ್ಲಿ ನೀರು ನಿಂತಿತು. ಕಲ್ಲು ಮತ್ತು ಸುರ್ಕಿ ಗಾರೆಯ ಈ ಕಟ್ಟೆಗೆ 33 ಗೇಟುಗಳು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಮೊದಲು 133 ಟಿಎಂಸಿ ಅಡಿ ಇದ್ದ ಸಾಮರ್ಥ್ಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಹೂಳಿನ ಬಗ್ಗೆ ದಶಕಗಟ್ಟಲೆ ಮಾತಾಡಿದ ನಾವು ಚೈನಿನ ಬಗ್ಗೆ ಅಷ್ಟು ಮಾತಾಡಿರಲಿಲ್ಲ.

ಗೇಟು ಎರಡೂ ಬದಿಯ ಚೈನುಗಳಿಗೆ ಜೋತುಬಿದ್ದಿರುತ್ತದೆ. ಚೈನು ಮೇಲಿನ ಚಕ್ರದ ಮೇಲೆ ಹಾದು, ಇನ್ನೊಂದು ತುದಿಯಲ್ಲಿ ಭಾರದ ದಿಮ್ಮಿಯನ್ನು ಹೊತ್ತಿರುತ್ತದೆ. ಬಾವಿಯ ರಾಟೆಯ ಎರಡು ತುದಿಗೂ ಕೊಡ ಕಟ್ಟಿದಂತೆ, ಒಂದರ ತೂಕ ಇನ್ನೊಂದನ್ನು ಎತ್ತಲು ನೆರವಾಗುತ್ತದೆ. ಚೈನು ಕಡಿದರೆ ಈ ಸಮತೋಲವೇ ಇಲ್ಲ. ಕೇರಳದ ಪರಂಬಿಕುಳಂ ಅಣೆಕಟ್ಟೆಯಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಆದದ್ದೂ ಇದೇ ಬಗೆಯ ಅವಘಡ.

19ನೇ ಕಿಂಡಿಯೊಂದರಿಂದಲೇ ಸುಮಾರು 35 ಸಾವಿರ ಕ್ಯುಸೆಕ್ ನೀರು ನುಗ್ಗುತ್ತಿತ್ತು. ಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ನದಿಗೆ ಲಕ್ಷ ಕ್ಯುಸೆಕ್ ಹರಿಯಿತು. ಕಿಂಡಿಯ ಹೊಸ್ತಿಲವರೆಗೆ ನೀರು ಇಳಿಯಲಿ ಎಂದು ಕಾದರೆ 60 ಟಿಎಂಸಿಯಷ್ಟು ಕಳೆದುಕೊಳ್ಳಬೇಕಿತ್ತು. ಅದು ನಾಟಿಯ ಹೊತ್ತು.

ಹೊಸ ಅಣೆಕಟ್ಟೆಗಳಲ್ಲಿ ಗೇಟಿನ ಮುಂದೆ ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ತಾತ್ಕಾಲಿಕ ಹಲಗೆ, ಇಳಿಸಲು ಬೇರೆಯೇ ತೋಡು ಇರುತ್ತದೆ, ಹಲಗೆಗಳೂ ಸಿದ್ಧವಿರುತ್ತವೆ. ಆಂಧ್ರದ ಪುಲಿಚಿಂತಲದಲ್ಲಿ 2021ರಲ್ಲಿ ಗೇಟು ಹೋದಾಗ ಅದೇ ಕೈಹಿಡಿಯಿತು. ತುಂಗಭದ್ರೆಯಲ್ಲಿ ಆ ಅನುಕೂಲ ಇರಲಿಲ್ಲ. ಜಲದ್ವಾರಗಳ ತಜ್ಞ ಕನ್ನಯ್ಯ ನಾಯ್ಡು ಅವರ ಸಲಹೆಯಂತೆ ಇಡೀ ಗೇಟಿನ ಬದಲು 60 ಅಡಿ ಉದ್ದ, 4 ಅಡಿ ಎತ್ತರದ ಐದು ಉಕ್ಕಿನ ತುಂಡುಗಳನ್ನು ಮಾಡಿಸಿ, ಹಳೆಯ ಗೇಟಿನದೇ ತೋಡಿನಲ್ಲಿ ಒಂದರ ಮೇಲೊಂದು ಕೂರಿಸುವುದೆಂದು ತೀರ್ಮಾನವಾಯಿತು. ಹೊಸಪೇಟೆ ಸುತ್ತಿನ ವರ್ಕ್‌ಶಾಪ್‌ಗಳಲ್ಲಿ, ತೋರಣಗಲ್ಲಿನ ಜಿಂದಾಲ್‌ನಲ್ಲಿ ಹಗಲಿರುಳು ವೆಲ್ಡಿಂಗ್ ನಡೆಯಿತು.

ಕಷ್ಟವಿದ್ದದ್ದು ಇಳಿಸುವುದರಲ್ಲಿ. ಕ್ರೇನಿನಲ್ಲಿ ತೂಗುವ ಹಲಗೆಗೆ ನೀರು ತಾಗಿದ ಕೂಡಲೇ ಅದು ತುಯ್ದಾಡುತ್ತದೆ. ತೋಡಿನೊಳಗೆ ಹೊಕ್ಕರೆ ಪ್ರವಾಹ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ, ಕೆಳಗಿಳಿಯಲು ಬಿಡುವುದಿಲ್ಲ. ತಳದ ಮೊದಲ ತುಂಡಿಗೇ ಎಲ್ಲಕ್ಕಿಂತ ಹೆಚ್ಚು ಒತ್ತಡ. ಮೊದಲ ಪ್ರಯತ್ನ ಕೈಗೂಡಲಿಲ್ಲ. ಮೇಲಿನ ಓಡಾಟದ ಸೇತುವೆಯೂ ಅಡ್ಡಬಂತು. ಅಡ್ಡಿ ತೆಗೆದ ಮೇಲೆ ಆಗಸ್ಟ್ 16ರ ಸಂಜೆ ಮೊದಲ ತುಂಡು ಕುಳಿತಿತು. ಮರುದಿನ ಉಳಿದವೂ ಕುಳಿತವು. ಜಲಾಶಯದಲ್ಲಿ ಸುಮಾರು 70 ಟಿಎಂಸಿ ಉಳಿದಿತ್ತು. ಹಿಂಗಾರಿಗೂ ಮುನ್ನ ಮಳೆ ಕೈಬಿಡಲಿಲ್ಲ. ಸೆಪ್ಟೆಂಬರ್‌ನಲ್ಲಿ ತುಂಬಿದ ಜಲಾಶಯಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಬಾಗಿನ ಅರ್ಪಿಸಿದರು.

ಸಮುದ್ರದೊಳಗಿನ ತೈಲಬಾವಿ ಕೆಟ್ಟಾಗಲೂ ಕಷ್ಟದ ಬಗೆ ಇದೇ. ಮೆಕ್ಸಿಕೊ ಕೊಲ್ಲಿಯ ಮಕಾಂಡೊ ಬಾವಿ 2010ರ ಏಪ್ರಿಲ್ 20ರಂದು ಸಿಡಿದಾಗ, ಸುಮಾರು 1,500 ಮೀಟರ್ ಆಳದಲ್ಲಿ, ಎಣ್ಣೆ ಉಕ್ಕುತ್ತಿರುವಾಗಲೇ ಅದರ ಬಾಯಿಗೆ ಹೊಂದುವ ಮುಚ್ಚಳ ಕೂರಿಸಬೇಕಾಯಿತು. ಹರಿವು ನಿಂತದ್ದು ಜುಲೈ 15ಕ್ಕೆ. ಅಲ್ಲಿ ಕೆಲಸ ಮಾಡಿದ್ದು ದೂರದಿಂದ ನಡೆಸುವ ರೋಬಾಟ್‌ಗಳು. ಇಲ್ಲಿ ಕಟ್ಟೆಯ ಮೇಲೆ ನಿಂತ ಕೆಲಸಗಾರರು ಹಗ್ಗ ಎಳೆದು ದಿಕ್ಕು ಹಿಡಿದರು.

ಸ್ಟಾಪ್‌ಲಾಗ್ ತಾತ್ಕಾಲಿಕ, ಗೇಟಿನಂತೆ ಬೇಕೆಂದಾಗ ಎತ್ತಲಾಗದು. ಎ.ಕೆ. ಬಜಾಜ್ ಅಧ್ಯಕ್ಷತೆಯ ತಜ್ಞರ ಸಮಿತಿ 33 ಗೇಟುಗಳನ್ನೂ ಬದಲಿಸುವಂತೆ ಹೇಳಿತು. 2025ರ ಮಳೆಗಾಲದಲ್ಲಿ ಮುಂಜಾಗ್ರತೆಯಾಗಿ 80 ಟಿಎಂಸಿಗಷ್ಟೇ ನೀರು ನಿಲ್ಲಿಸಿದರು. ತೆಕ್ಕಲಕೋಟೆಯ ರೈತರಿಗೆ ಆ ಸಂಖ್ಯೆಯ ಅರ್ಥ ಬೇಸಿಗೆ ಭತ್ತ ಉಂಟೋ ಇಲ್ಲವೋ ಎಂಬುದು.