ಪೇಟೆಯ ಗಾರೆ ಗೋಡೆ ಮತ್ತು ಬಾಡಿಗೆ ಕರಾರು: ಲಂಡನ್, ಮೈಸೂರುಗಳ ವಾಣಿಜ್ಯ ಕಟ್ಟಡಗಳ ಹೊರಗಿಲಾವಿನ ನಿರ್ವಹಣೆಯ ಚರಿತ್ರೆ

ಪೀಠಿಕೆ

ಇಟ್ಟಿಗೆ ಗೋಡೆಗೆ ಬಡಿಯುವ ಮಳೆಯನ್ನು ಮೊದಲು ಎದುರಿಸುವುದು ಅದರ ಗಿಲಾವು. ಒಳಗಿನ ಗೋಡೆ ಉಳಿಯಲೆಂದು ತಾನು ಸವೆಯುವುದೇ ಅದರ ಕೆಲಸ. ಹಾಗಾಗಿ ಅದನ್ನು ಆಗಾಗ ನೋಡಿ, ಸವೆದಲ್ಲಿ ತುಂಬುವ ಕೈ ಬೇಕು. ಸ್ವಂತ ಮನೆಯಾದರೆ ಮನೆಯವರೇ ನೋಡಿಕೊಳ್ಳುತ್ತಾರೆ. ನೂರಾರು ಮಳಿಗೆಗಳಿರುವ ವಾಣಿಜ್ಯ ಕಟ್ಟಡದಲ್ಲಿ ಮಳಿಗೆ ಬಾಡಿಗೆದಾರನ ವಶದಲ್ಲಿರುತ್ತದೆ, ಒಡೆತನ ಸಂಸ್ಥೆಯದು. ಎಲ್ಲ ಮಳಿಗೆಗಳ ಮೇಲೂ ಹಾದುಹೋಗುವ ಗಾರೆಯ ಅಂಚುಪಟ್ಟಿಯನ್ನು ಯಾರು ನೋಡಿಕೊಳ್ಳಬೇಕೆಂಬುದು ಎಷ್ಟೋ ಸಲ ತೀರ್ಮಾನವಾಗಿರುವುದೇ ಇಲ್ಲ. ಇಂಥ ಗೋಡೆಗಳ ಉಳಿವನ್ನು ಗಾರೆಯ ಗುಣದಷ್ಟೇ ಬಾಡಿಗೆ ಕರಾರೂ ನಿರ್ಧರಿಸುತ್ತ ಬಂದಿದೆ ಎಂಬುದು ಈ ಲೇಖನದ ವಾದ.

ಸುಣ್ಣದಿಂದ ಸಿಮೆಂಟಿಗೆ

ಸುಣ್ಣದ ಗಾರೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ವಿದ್ಯೆ. ರೋಮಿನ ವಿಟ್ರುವಿಯಸ್ ತನ್ನ ವಾಸ್ತು ಗ್ರಂಥದ ಏಳನೆಯ ಭಾಗದಲ್ಲಿ ಪದರ ಪದರವಾಗಿ ಗಿಲಾವು ಮಾಡುವ ಕ್ರಮವನ್ನು ವಿವರಿಸಿದ್ದಾನೆ. ದಕ್ಷಿಣ ಭಾರತದ ಮೇಸ್ತ್ರಿಗಳು ಸುಟ್ಟ ಸುಣ್ಣಕಲ್ಲನ್ನೋ ಕಪ್ಪೆಚಿಪ್ಪನ್ನೋ ನೀರಿನಲ್ಲಿ ಅರಳಿಸಿ, ಮರಳು ಇಲ್ಲವೇ ಇಟ್ಟಿಗೆ ಪುಡಿ ಬೆರೆಸಿ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ರಸ ಸೇರಿಸುವ ರೂಢಿಯೂ ಇತ್ತು. ಗೋಡೆಗೆ ಹತ್ತಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಆ ಮೇಲೂ ಅದರಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಗೋಡೆ ಕುಡಿದ ನೀರು ಆವಿಯಾಗಿ ಹೊರಹೋಗುತ್ತದೆ.

ಬ್ರಿಟನ್ನಿನಲ್ಲಿ 1796ರಲ್ಲಿ ಜೇಮ್ಸ್ ಪಾರ್ಕರ್ ‘ರೋಮನ್ ಸಿಮೆಂಟ್’ಗೆ ಪೇಟೆಂಟ್ ಪಡೆದ. ಜೇಡಿಮಣ್ಣಿನಲ್ಲಿ ಸಿಗುವ ಸುಣ್ಣದ ಗಟ್ಟಿಗಳನ್ನು ಸುಟ್ಟು ಪುಡಿ ಮಾಡಿದ ಈ ವಸ್ತು ಬೇಗ ಬಿಗಿಯುತ್ತಿತ್ತು, ತೇವವನ್ನೂ ತಡೆಯುತ್ತಿತ್ತು. 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಇಂದು ಪೇಟೆಯಲ್ಲಿ ಮೂಟೆಗಟ್ಟಲೆ ಮಾರಾಟವಾಗುವ ಸಿಮೆಂಟ್ ಆ ಹೆಸರಿನ ವಂಶದ್ದೇ.

ರೀಜೆಂಟ್ ಸ್ಟ್ರೀಟ್‌ನಿಂದ ಕಿಂಗ್ಸ್‌ಬರಿವರೆಗೆ

ಲಂಡನ್ನಿನ ರೀಜೆಂಟ್ ಸ್ಟ್ರೀಟ್ 1813ರ ಕಾಯ್ದೆಯಡಿ ರೂಪುಗೊಂಡ ಅಂಗಡಿ ಬೀದಿ. ಜಾನ್ ನ್ಯಾಶ್ ಯೋಜಿಸಿದ ಈ ಬೀದಿಯ ಇಟ್ಟಿಗೆ ಕಟ್ಟಡಗಳಿಗೆ ಗಿಲಾವು ಹೊದಿಸಿ ಕಲ್ಲಿನ ರೂಪ ಕೊಡಲಾಗಿತ್ತು. ರೋಮನ್ ಸಿಮೆಂಟ್ ಕಂದು ಬಣ್ಣದ್ದು. ಅದು ಕಲ್ಲಿನಂತೆ ಕಾಣಬೇಕಾದರೆ ಬಣ್ಣ ಬಳಿಯಲೇಬೇಕು, ಲಂಡನ್ನಿನ ಕಲ್ಲಿದ್ದಲ ಹೊಗೆಯಲ್ಲಿ ಮತ್ತೆ ಮತ್ತೆ ಬಳಿಯಬೇಕು. ನಿರ್ವಹಣೆಯ ಹೊಣೆ ವಸ್ತುವಿನ ಆಯ್ಕೆಯಲ್ಲೇ ಅಡಗಿತ್ತು.

ಈ ನೆಲ ಬ್ರಿಟಿಷ್ ರಾಜಪೀಠದ (ಕ್ರೌನ್) ಆಸ್ತಿ, ಕಟ್ಟಡಗಳು ದೀರ್ಘಾವಧಿ ಗುತ್ತಿಗೆಯವು. ಗುತ್ತಿಗೆಗಳ ಅವಧಿ ತೀರುವ ಹೊತ್ತಿಗೆ ನ್ಯಾಶ್‌ನ ಬೀದಿಯನ್ನು ಕೆಡವಿ ಕಲ್ಲಿನಲ್ಲಿ ಮರುಕಟ್ಟಲಾಯಿತು; ಆ ಕೆಲಸ 1927ರಲ್ಲಿ ಮುಗಿಯಿತು. ಅದೇ ನ್ಯಾಶ್ ಯೋಜಿಸಿದ ರೀಜೆಂಟ್ಸ್ ಪಾರ್ಕಿನ ವಸತಿ ಸಾಲುಗಳು ಎರಡನೆಯ ಮಹಾಯುದ್ಧದ ಬಾಂಬು ಮತ್ತು ಅಲಕ್ಷ್ಯದಿಂದ ಜರ್ಜರಿತವಾಗಿದ್ದರೂ ಬದುಕಿಕೊಂಡವು. 1947ರಲ್ಲಿ ಗೊರೆಲ್ ಸಮಿತಿ ಅವನ್ನು ಉಳಿಸಬೇಕೆಂದು ಶಿಫಾರಸು ಮಾಡಿತು. ಗೊತ್ತಾದ ವರ್ಷಗಳಿಗೊಮ್ಮೆ ಗೊತ್ತಾದ ಕೆನೆ ಬಣ್ಣವನ್ನೇ ಬಳಿಸಬೇಕೆಂಬ ಗುತ್ತಿಗೆ ಷರತ್ತು ಇಡೀ ಸಾಲನ್ನು ಒಂದೇ ಕಟ್ಟಡವೆಂಬಂತೆ ಕಾಪಾಡಿದೆ.

ವಾಯವ್ಯ ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ರೈಲು ನಿಲ್ದಾಣ ತೆರೆದದ್ದು 1932ರ ಡಿಸೆಂಬರ್ 10ರಂದು. ಅದರ ಬೆನ್ನಿಗೇ ಕಿಂಗ್ಸ್‌ಬರಿ ರಸ್ತೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಸಾಲುಗಳು ಬೆಳೆದವು. ಆ ದಶಕದ ಉಪನಗರ ಶೈಲಿಯಲ್ಲಿ ತ್ರಿಕೋನ ಮುಂಗೋಡೆಗೆ ಕಪ್ಪು ಮರದ ಪಟ್ಟಿ ಬಡಿದು, ನಡುವಿನ ಜಾಗಕ್ಕೆ ಗಿಲಾವು ಮಾಡುವುದು ವಾಡಿಕೆಯಾಗಿತ್ತು. ಈ ಶೈಲಿಯ ದುರ್ಬಲ ಜಾಗ ಮರ ಮತ್ತು ಗಿಲಾವಿನ ಸಂದು. ಮರ ಹಿಗ್ಗಿ ಕುಗ್ಗಿದಂತೆ ಕೂದಲೆಳೆಯ ಬಿರುಕು ಬಿಡುತ್ತದೆ, ಅಲ್ಲಿಂದ ನೀರು ಇಳಿಯುತ್ತದೆ. ಒಂದೊಂದು ಅಂಗಡಿಗೂ ಬೇರೆ ಮಾಲೀಕರಾದರೆ ಪಕ್ಕದವರ ಬಿರುಕು ನಮ್ಮ ಗೋಡೆಯನ್ನು ನೆನೆಸುತ್ತದೆ.

ಮೈಸೂರಿನ ಎರಡು ಕಟ್ಟಡಗಳು

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ವೈಸರಾಯ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗೆ 1892ರಲ್ಲಿ ಎದ್ದ ಮಳಿಗೆ ಸಾಲು. ಹಳೆಯ ಪುಸ್ತಕಗಳ ಅಂಗಡಿಗಳಿಂದಾಗಿ ಓದುವ ಹುಡುಗರಿಗೆಲ್ಲ ಅದು ಪರಿಚಿತವಾಗಿತ್ತು. ಸಯ್ಯಾಜಿರಾವ್ ರಸ್ತೆಯುದ್ದಕ್ಕೂ ಚಾಚಿರುವ ದೇವರಾಜ ಮಾರುಕಟ್ಟೆಯಲ್ಲಿ ಹೂವು, ವೀಳ್ಯದೆಲೆ, ಕುಂಕುಮ, ತರಕಾರಿಗಳ ಎಂಟುನೂರಕ್ಕೂ ಹೆಚ್ಚು ಮಳಿಗೆಗಳು. ಎರಡೂ ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಕಟ್ಟಡಗಳು, ಎರಡೂ ಮಹಾನಗರ ಪಾಲಿಕೆಯ ಒಡೆತನದವು.

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ ದುರಸ್ತಿ ಕೆಲಸ ನಡೆದಿರುವಾಗಲೇ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ ಬಿತ್ತು. ಕೆಡವಿ ಕಟ್ಟಬೇಕೇ, ಉಳಿಸಿ ದುರಸ್ತಿ ಮಾಡಬೇಕೇ ಎಂಬ ವಿವಾದ ಹೈಕೋರ್ಟ್‌ವರೆಗೂ ಹೋಯಿತು; ದುರಸ್ತಿ ಸಾಧ್ಯವೆಂದವರಲ್ಲಿ ಪರಂಪರೆ ಸಂರಕ್ಷಣಾ ಸಂಸ್ಥೆ ಇಂಟ್ಯಾಕ್ ಸೇರಿತ್ತು. ಗಿಲಾವಿನ ಅಲಕ್ಷ್ಯವೊಂದೇ ಇಂಥ ಕುಸಿತಕ್ಕೆ ಕಾರಣವೆನ್ನಲಾಗದು. ಆದರೆ ಸುಣ್ಣದ ಗಾರೆಯ ಗೋಡೆಯೊಳಕ್ಕೆ ವರ್ಷಗಟ್ಟಲೆ ನೀರು ಇಳಿದರೆ ಇಟ್ಟಿಗೆಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಆ ನೀರಿಗೆ ದಾರಿ ಕೊಡುವುದು ಒಡೆದ ಗಿಲಾವು, ಕಸ ಕಟ್ಟಿದ ಮಳೆನೀರಿನ ದೋಣಿ, ಮುರಿದ ಪೈಪು.

ತೇಪೆಯ ಹಾನಿ

ಹಳೆಯ ಗೋಡೆಯನ್ನು ಹತ್ತಿರದಿಂದ ನೋಡಿದರೆ ಕೆಡುವ ಬಗೆ ತಿಳಿಯುತ್ತದೆ. ಹಕ್ಕಿ ಹಿಕ್ಕೆಯಲ್ಲಿ ಬಂದ ಅರಳಿ ಬೀಜ ಅಂಚುಪಟ್ಟಿಯ ಬಿರುಕಿನಲ್ಲಿ ಮೊಳೆಯುತ್ತದೆ. ಬೇರು ದಪ್ಪವಾದಂತೆ ಗಾರೆ ಇಟ್ಟಿಗೆಯಿಂದ ಬೇರ್ಪಡುತ್ತದೆ. ನಾಮಫಲಕಕ್ಕೆ ಹೊಡೆದ ಕಬ್ಬಿಣದ ಬೋಲ್ಟು ತುಕ್ಕು ಹಿಡಿದು ಉಬ್ಬಿ ಸುತ್ತಲಿನ ಗಾರೆಯನ್ನು ಸಿಡಿಸುತ್ತದೆ. ಎ.ಸಿ. ನೀರು ಒಂದೇ ಜಾಗದಲ್ಲಿ ತೊಟ್ಟಿಕ್ಕಿ ಪಾಚಿ ಕಟ್ಟುತ್ತದೆ.

ಅಲ್ಲಿಗೆ ಸಿಮೆಂಟ್ ಮೆತ್ತಿದರೆ ಕೆಡುಕು ಇಮ್ಮಡಿ. ಸಿಮೆಂಟ್ ಹಳೆಯ ಇಟ್ಟಿಗೆಗಿಂತ ಗಡಸು, ತೇವವನ್ನು ಸುಲಭವಾಗಿ ಹೊರಬಿಡದು. ಒಳಗೆ ಸಿಕ್ಕಿಬಿದ್ದ ನೀರು ತೇಪೆಯ ಅಂಚಿನತ್ತ ಸರಿದು, ಉಪ್ಪು ಬಿಳಿಯಾಗಿ ಹೂತು, ಪಕ್ಕದ ಒಳ್ಳೆಯ ಇಟ್ಟಿಗೆಯೇ ಪುಡಿಯಾಗುತ್ತದೆ. ಪ್ಲಾಸ್ಟಿಕ್ ಅಂಶದ ದಪ್ಪ ಬಣ್ಣವೂ ಇದೇ ತೊಂದರೆ ತರುತ್ತದೆ.

ದುರಸ್ತಿಯ ಕ್ರಮ, ಕರಾರಿನ ಹೊಣೆ

ದುರಸ್ತಿ ಮೇಲಿನಿಂದ ಶುರುವಾಗಬೇಕು: ಮೊದಲು ಸೂರು, ದೋಣಿ, ಪೈಪು, ಆಮೇಲೆ ಗೋಡೆ. ಗಿಡವನ್ನು ಬೇರುಸಹಿತ ತೆಗೆಯಬೇಕು. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಪೊಳ್ಳು ಸದ್ದು ಬರುವ ಭಾಗವನ್ನಷ್ಟೇ ಗಟ್ಟಿ ಅಂಚಿನವರೆಗೆ ಕೆತ್ತಿ, ಇಟ್ಟಿಗೆಗೆ ನೀರು ಕುಡಿಸಿ, ಹಳೆಯದಕ್ಕೆ ಹೊಂದುವ ಸುಣ್ಣದ ಗಾರೆಯನ್ನು ತೆಳು ಪದರಗಳಲ್ಲಿ ಹಾಕಬೇಕು. ಒಂದು ಪದರ ಬಿಗಿಯುವ ಮುನ್ನ ಇನ್ನೊಂದು ಹಾಕಬಾರದು. ಒದ್ದೆ ಗೋಣಿತಟ್ಟು ಹೊದಿಸಿ ಬಿಸಿಲಿನಿಂದ ಕಾಯಬೇಕು. ಕೊನೆಗೆ ತೆಳುವಾದ ಸುಣ್ಣದ ನೀರನ್ನು ಹಲವು ಸಲ ಬಳಿಯಬೇಕು.

ಈ ಕೆಲಸ ಬಲ್ಲ ಮೇಸ್ತ್ರಿಗಳು ನಮ್ಮಲ್ಲಿ ಇನ್ನೂ ಇದ್ದಾರೆ. ಅವರನ್ನು ವರ್ಷಕ್ಕೊಮ್ಮೆ ಕರೆಸುವ ವ್ಯವಸ್ಥೆ ನಮ್ಮ ಪೇಟೆಗಳಿಗೆ ಬೇಕು. ಮಳಿಗೆ ಬಾಡಿಗೆ ಕರಾರಿನಲ್ಲಿ ಹೊರಗೋಡೆಯ ಹೊಣೆ ಯಾರದೆಂದು ಸ್ಪಷ್ಟವಾಗಿರಬೇಕು. ನಾಮಫಲಕ, ಪೈಪು, ಎ.ಸಿ. ಜೋಡಣೆಗೆ ಗೊತ್ತಾದ ಜಾಗವಿರಬೇಕು. ಬಾಡಿಗೆಯ ಒಂದು ಪಾಲು ಗಿಲಾವಿಗೆಂದೇ ಮೀಸಲಾಗಬೇಕು. ಮುಂಗಾರಿಗೆ ಮೊದಲು ಒಂದು ತಪಾಸಣೆ, ಮಳೆಗಾಲ ಮುಗಿದ ಮೇಲೆ ಇನ್ನೊಂದು ನಡೆಯಬೇಕು. ರೀಜೆಂಟ್ಸ್ ಪಾರ್ಕಿನ ಗಾರೆಯನ್ನು ಕಾಯ್ದದ್ದು ಇಂಥ ಷರತ್ತು. ನಾಲ್ಕು ಜೀವಗಳನ್ನು ಕಳೆದುಕೊಂಡ ಮೈಸೂರಿನಲ್ಲಿ ಅದು ಕಟ್ಟಡದ ಅಂದದ ಪ್ರಶ್ನೆಗಿಂತ ಮೊದಲು ಅಂಗಡಿಯವರ, ಗಿರಾಕಿಗಳ ಪ್ರಾಣರಕ್ಷಣೆಯ ಪ್ರಶ್ನೆ.