ವಿತಂಡ

ಮಾತಿಗೆ ಮಾತು ಬೆಳೆಸಿ ಹಟ ಹಿಡಿದವರಿಗೆ ‘ವಿತಂಡವಾದ ಬೇಡ’ ಎನ್ನುತ್ತೇವೆ. ಸಂಸ್ಕೃತದಿಂದ ಬಂದ ಈ ಪದಕ್ಕೆ ತರ್ಕಶಾಸ್ತ್ರದಲ್ಲಿ ಇನ್ನೂ ಬಿಗಿಯಾದ ಅರ್ಥವಿದೆ. ಗೌತಮನ ನ್ಯಾಯಸೂತ್ರ ಹೆಸರಿಸುವ 16 ಪದಾರ್ಥಗಳಲ್ಲಿ (ತಿಳಿಯಬೇಕಾದ ವಿಷಯಗಳಲ್ಲಿ) ವಾದ, ಜಲ್ಪ, ವಿತಂಡಾ ಒಂದರ ಹಿಂದೊಂದು ಬರುತ್ತವೆ. ತಿಳಿಯಲು ನಡೆಸುವ ಚರ್ಚೆ ವಾದ. ಗೆಲ್ಲಲು ನಡೆಸುವುದು ಜಲ್ಪ. ವಿತಂಡಾದಲ್ಲಿ ತೊಡಗಿದವನು ಎದುರಾಳಿಯ ಮಾತನ್ನು ಕೆಡವುತ್ತಾನೆ, ತನ್ನದೆಂದು ಒಂದು ಪಕ್ಷವನ್ನೂ ನಿಲ್ಲಿಸುವುದಿಲ್ಲ. ದನಿ ಏರಿಸಲೇಬೇಕೆಂದಿಲ್ಲ, ನಯವಾಗಿಯೂ ವಿತಂಡ ಹೂಡಬಹುದು!

ಪ್ರಬಂಧದ ತರಗತಿಗೆ ಈ ಅರ್ಥ ಚೆನ್ನಾಗಿ ಒಗ್ಗುತ್ತದೆ. ‘ಪರೀಕ್ಷೆಗಳು ರದ್ದಾಗಬೇಕು’ ಎಂಬ ಲೇಖನವನ್ನು ವಿಮರ್ಶಿಸುವ ವಿದ್ಯಾರ್ಥಿ, ಆಧಾರ ಸಾಲದು, ಉದಾಹರಣೆ ಹಳತು ಎಂದು ಪುಟ ತುಂಬಿಸಿ, ಪರೀಕ್ಷೆ ಇರಬೇಕೋ ಬೇಡವೋ ಹೇಳದೆ ಮುಗಿಸಿದರೆ ಅದು ವಿತಂಡವೇ. ಹಾಗೆಂದು ಬೈಗುಳವೆಂದೇ ತಿಳಿಯಬೇಕಿಲ್ಲ: 12ನೇ ಶತಮಾನದ ತತ್ತ್ವಜ್ಞಾನಿ ಶ್ರೀಹರ್ಷನ ‘ಖಂಡನಖಂಡಖಾದ್ಯ’ ಗ್ರಂಥ ಹಿಡಿದದ್ದು ಇದೇ ದಾರಿಯನ್ನು.